ಪಂಚನನ್ನು ಆರಿಸುವವರು ಯಾರು?

ಶ್ರಾವಣದ ಒಂದು ಸೋಮವಾರ ಪೂಜೆ ಮುಗಿಸಿ ಹೊರಗೆ ಬಂದಾಗ ಹಾವೇರಿ ಸೀಮೆಯ ರೈತರೊಬ್ಬರು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಅವರ ತಂದೆಯವರ ಕಾಲದಿಂದಲೂ ಪರಿಚಿತರಾದ ಮನೆತನ. ಕೈಯಲ್ಲಿ ನ್ಯಾಯಾಲಯದ ಮೊಹರಿದ್ದ ಲಕೋಟೆ. "ಇದೊಂದಿಷ್ಟು ಓದಿ ಹೇಳ್ರಿ ಶಾಸ್ತ್ರಿಗಳ. ಮನಿ ಹೋಗ್ತದೋ, ಹೊಲ ಹೋಗ್ತದೋ ತಿಳೀವಲ್ದು" ಎಂದರು.

ಓದಿ ನೋಡಿದೆವು. ನಾಲ್ಕು ವರ್ಷಗಳ ಹಿಂದೆ ಅವರು ಒಂದು ಹಣಕಾಸು ಸಂಸ್ಥೆಯಿಂದ ಟ್ರ್ಯಾಕ್ಟರಿಗಾಗಿ ಸಾಲ ಪಡೆದಿದ್ದರು. ಎರಡು ವರ್ಷ ಕಂತು ತಪ್ಪಿಸದೆ ಕಟ್ಟಿ, ಮಳೆ ಕೈಕೊಟ್ಟ ವರ್ಷ ನಿಲ್ಲಿಸಿದ್ದರು. ಸಂಸ್ಥೆಯು ಚೆನ್ನೈನಲ್ಲಿ ಒಬ್ಬ ಆರ್ಬಿಟ್ರೇಟರನ್ನು ತಾನೇ ನೇಮಿಸಿ, ಎದುರು ಪಕ್ಷದವರು ಹಾಜರಾಗಲಿಲ್ಲವೆಂದು ಏಕಪಕ್ಷೀಯವಾಗಿ ತೀರ್ಪು ಪಡೆದಿತ್ತು. ಆ ತೀರ್ಪಿನ ಅಮಲ್ಜಾರಿಗಾಗಿ ಈಗ ಅವರ ಜಿಲ್ಲೆಯ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಲಾಗಿತ್ತು. "ಚೆನ್ನೈನಿಂದ ಕಾಗದ ಬಂದಿರಲಿಲ್ಲವೆ?" ಎಂದು ಕೇಳಿದೆವು. ಮೂರು ಬಾರಿ ರಿಜಿಸ್ಟರ್ ಅಂಚೆ ಬಂದಿತ್ತಂತೆ. ಇಂಗ್ಲಿಷಿನಲ್ಲಿದ್ದ ಒಂದನ್ನು ಗೂಡಿನಲ್ಲಿಟ್ಟರು, ಉಳಿದೆರಡನ್ನು ಬೇಡವೆಂದು ಹಿಂದಿರುಗಿಸಿದರು. ಬೇಡವೆಂದು ಮರಳಿಸಿದ ಕಾಗದವೂ ತಲುಪಿದಂತೆಯೇ ಲೆಕ್ಕ ಎಂಬುದು ಅವರಿಗೆ ತಿಳಿದಿರಲಿಲ್ಲ.

ಮನೆಯ ವಿಷಯದಲ್ಲಿ ಮೊದಲು ಧೈರ್ಯ ಹೇಳಿದೆವು. ಅಡವಿಡದ, ಕೃಷಿಕನು ತಾನೇ ವಾಸವಾಗಿರುವ ಮನೆಯನ್ನು ಜಪ್ತಿ ಮಾಡಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಅವಕಾಶ ಕೊಡುವುದಿಲ್ಲ. ಆಮೇಲೆ ಸಾಲಪತ್ರದ ಪ್ರತಿಯನ್ನು ಬಿಡಿಸಿದೆವು. ಸಣ್ಣ ಅಕ್ಷರಗಳ ಕೊನೆಯ ಪುಟಗಳಲ್ಲೊಂದರಲ್ಲಿ, ಅವರ ರುಜುವಿನ ಮೇಲ್ಗಡೆಯೇ, ಆ ಮಾತು ಇತ್ತು. ಯಾವುದೇ ವ್ಯಾಜ್ಯ ಹುಟ್ಟಿದರೆ ಸಂಸ್ಥೆಯು ನೇಮಿಸುವ ಏಕೈಕ ಮಧ್ಯಸ್ಥರು ಅದನ್ನು ತೀರ್ಮಾನಿಸತಕ್ಕದ್ದು. ಮಧ್ಯಸ್ಥಿಕೆಯ ಸ್ಥಾನ ಚೆನ್ನೈ. ಈ ಎರಡು ವಾಕ್ಯಗಳನ್ನು ಓದದೆ ರುಜು ಹಾಕಿದವರು ನಮ್ಮ ಸಮಾಜದಲ್ಲಿ ಅವರೊಬ್ಬರೇ ಅಲ್ಲ. ಟ್ರ್ಯಾಕ್ಟರು, ಲಾರಿ, ಅಂಗಡಿಯ ಬಂಡವಾಳ, ಮಕ್ಕಳ ಮನೆ ಕಟ್ಟುವ ಕರಾರು, ಇವೆಲ್ಲವುಗಳ ಹಿಂದೆ ಇಂತಹದೊಂದು ಮಾತು ಈಗ ಸಾಮಾನ್ಯವಾಗಿ ಅಡಗಿರುತ್ತದೆ. ಆದಕಾರಣ ಈ ಕಾನೂನು ಕಳೆದ ಹತ್ತು ವರ್ಷಗಳಲ್ಲಿ ಹೇಗೆ ಬದಲಾಯಿತೆಂಬುದನ್ನು ವಾಚಕರೊಡನೆ ವಿಚಾರ ಮಾಡಬೇಕೆನಿಸಿತು.

ಶಬ್ದಗಳನ್ನು ಮೊದಲು ತಿಳಿಗೊಳಿಸಿಕೊಳ್ಳೋಣ. ಕನ್ನಡದಲ್ಲಿ ಮಧ್ಯಸ್ಥಿಕೆ ಎಂಬ ಒಂದೇ ಮಾತನ್ನು ಎರಡು ಬೇರೆ ಕಾರ್ಯಗಳಿಗೆ ಬಳಸುವುದುಂಟು. ಇಬ್ಬರ ನಡುವೆ ಕುಳಿತು ಅವರನ್ನೇ ಒಪ್ಪಂದಕ್ಕೆ ತರುವವನು ಸಂಧಾನಕಾರ. ಅವನಿಗೆ ತೀರ್ಪು ಹೇಳುವ ಅಧಿಕಾರವಿಲ್ಲ. ಇಬ್ಬರ ಮಾತನ್ನೂ ಕೇಳಿ, ಸಾಕ್ಷ್ಯ ನೋಡಿ, ತಾನೇ ತೀರ್ಮಾನ ಕೊಡುವವನು ಆರ್ಬಿಟ್ರೇಟರು. ಅವನನ್ನು ನಾವು ಇಲ್ಲಿ ಮಧ್ಯಸ್ಥ ಅಥವಾ ನಮ್ಮ ಹಳೆಯ ಮಾತಿನಂತೆ ಪಂಚ ಎನ್ನುತ್ತೇವೆ. ಅವನ ತೀರ್ಪಿಗೆ ಕಾನೂನಿನ ಕನ್ನಡದಲ್ಲಿ ಐತೀರ್ಪು ಎಂಬ ಹೆಸರು. ಜನ ಅವಾರ್ಡ್ ಎನ್ನುತ್ತಾರೆ. ಅದಕ್ಕೆ ನ್ಯಾಯಾಲಯದ ಡಿಕ್ರಿಯಷ್ಟೇ ಬಲವುಂಟು.

ಈ ವ್ಯವಸ್ಥೆಯು ಪರದೇಶದಿಂದ ಬಂದ ಹೊಸತು ಎಂದು ತಿಳಿಯಬೇಕಾಗಿಲ್ಲ. ಪಾಠಶಾಲೆಯಲ್ಲಿ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ಓದಿದ ದಿನಗಳು ನಮಗೆ ನೆನಪಿವೆ. ಅಲ್ಲಿ ಕುಲ, ಶ್ರೇಣಿ, ಪೂಗ ಎಂಬ ಮೂರು ಬಗೆಯ ಜನಸಭೆಗಳು ಬರುತ್ತವೆ. ನೆಂಟರಿಷ್ಟರ ಕೂಟ ಕುಲ. ಒಂದೇ ಕಸುಬಿನಿಂದ ಬದುಕುವವರದು ಶ್ರೇಣಿ. ಒಂದೇ ಊರಿನಲ್ಲಿರುವ ನಾನಾ ಜಾತಿ ವೃತ್ತಿಗಳವರದು ಪೂಗ. ಕುಲದಲ್ಲಿ ಸಮಾಧಾನವಾಗದವನು ಶ್ರೇಣಿಗೆ, ಅಲ್ಲಿಯೂ ಆಗದಿದ್ದರೆ ಪೂಗಕ್ಕೆ, ಕಡೆಗೆ ಅರಸನು ನೇಮಿಸಿದ ಅಧಿಕಾರಿಗಳೆಡೆಗೆ ಹೋಗಬಹುದಾಗಿತ್ತು. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು, ಅಂದರೆ ನಮ್ಮ ಇಂದಿನ ಬಸವಕಲ್ಯಾಣದಲ್ಲಿ. ಆ ಅಧ್ಯಾಯದ ಆರಂಭದಲ್ಲಿಯೇ ಒಂದು ಕಟ್ಟಳೆ ಇದೆ. ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ಧರ್ಮ ತಪ್ಪಿ ತೀರ್ಪು ಹೇಳಿದ ಸಭ್ಯರಿಗೆ, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ, ವಿವಾದದ ದಂಡದ ಇಮ್ಮಡಿ ದಂಡ. ಲಂಚ ತಿಂದವನನ್ನು ಮಾತ್ರವಲ್ಲದೆ ಒಂದು ಪಕ್ಷದ ಮೇಲೆ ಪ್ರೀತಿಯಿದ್ದವನನ್ನೂ, ಒಂದು ಪಕ್ಷಕ್ಕೆ ಹೆದರಿದವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದ್ದು ನಮ್ಮ ಹಿರಿಯರ ಸೂಕ್ಷ್ಮದೃಷ್ಟಿ. ತನಗೆ ವರ್ಷವಿಡೀ ನೂರಾರು ಪ್ರಕರಣಗಳನ್ನು ಕೊಡುವ ಸಂಸ್ಥೆಯ ವಿರುದ್ಧ ತೀರ್ಪು ಹೇಳಲು ಪಂಚನಿಗೆ ಧೈರ್ಯ ಬಂದೀತೆ? ಇಂದಿನ ಸುಧಾರಣೆಗಳ ತಿರುಳೆಲ್ಲವೂ ಈ ಪ್ರಶ್ನೆಯಲ್ಲಿದೆ ಎಂದು ನಮಗೆ ತೋರುತ್ತದೆ.

ಬ್ರಿಟಿಷರ ಕಾಲದ 1940ರ ಕಾಯಿದೆಯಲ್ಲಿ ಪಂಚನ ತೀರ್ಪು ತಾನಾಗಿ ಜಾರಿಯಾಗುತ್ತಿರಲಿಲ್ಲ. ಅದನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಿ, ನ್ಯಾಯಾಲಯದ ಆದೇಶವನ್ನಾಗಿ ಮಾಡಿಸಬೇಕಾಗಿತ್ತು. ಪಂಚಾಯಿತಿಗೆ ಮೊದಲು ಒಮ್ಮೆ, ನಡುವೆ ಒಮ್ಮೆ, ಕೊನೆಗೊಮ್ಮೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತ ಹತ್ತುತ್ತ ಕಕ್ಷಿದಾರನ ಮಕ್ಕಳು ಮುದುಕರಾಗುತ್ತಿದ್ದರು. 1981ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಡಿ. ಎ. ದೇಸಾಯಿಯವರು ಗುರುನಾನಕ್ ಫೌಂಡೇಶನ್ ಪ್ರಕರಣದಲ್ಲಿ ಈ ಸ್ಥಿತಿಯನ್ನು ಕಟುವಾಗಿಯೇ ಖಂಡಿಸಿದರು. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗವು 1985ರಲ್ಲಿ ಸಿದ್ಧಪಡಿಸಿದ ಮಾದರಿಯನ್ನು ಅನುಸರಿಸಿ 1996ರಲ್ಲಿ ಮಧ್ಯಸ್ಥಿಕೆ ಮತ್ತು ರಾಜಿ ಅಧಿನಿಯಮ ಬಂದಿತು. ಐತೀರ್ಪೇ ಡಿಕ್ರಿಯಂತೆ ಜಾರಿಯಾಗತಕ್ಕದ್ದೆಂದೂ, ಅದನ್ನು ರದ್ದುಪಡಿಸಲು ಕೆಲವೇ ಕಾರಣಗಳಿರತಕ್ಕದ್ದೆಂದೂ ಅದು ಹೇಳಿತು. ಪಂಚರ ಸಂಖ್ಯೆ ಸಮವಾಗಿರಕೂಡದು ಎಂಬುದು ಅದರ 10ನೆಯ ಕಲಮು. ಐವರನ್ನು ಕೂರಿಸುತ್ತಿದ್ದ ನಮ್ಮ ಹಳ್ಳಿಗಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆದರೂ ಎರಡು ರೋಗಗಳು ಉಳಿದವು. ಒಂದು ವಿಳಂಬ, ಇನ್ನೊಂದು ಪಕ್ಷಪಾತ.

ವಿಳಂಬಕ್ಕೆ ಕೊಟ್ಟ ಮದ್ದನ್ನು ಚುಟುಕಾಗಿ ಹೇಳಿಬಿಡುತ್ತೇವೆ. 2015ರ ಅಕ್ಟೋಬರ್ 23ರಿಂದ ಜಾರಿಗೆ ಬಂದ ತಿದ್ದುಪಡಿಯು ಐತೀರ್ಪಿಗೆ 12 ತಿಂಗಳ ಗಡುವನ್ನು ಹಾಕಿತು. ಇಬ್ಬರೂ ಒಪ್ಪಿದರೆ ಇನ್ನು 6 ತಿಂಗಳು. ಅದರ ಮೇಲೆ ಬೇಕಾದರೆ ನ್ಯಾಯಾಲಯವನ್ನು ಕೇಳಬೇಕು. ತಡವಾದದ್ದು ಪಂಚರ ತಪ್ಪಿನಿಂದಾದರೆ ತಿಂಗಳಿಗೆ ಶೇಕಡಾ 5ರವರೆಗೆ ಅವರ ಸಂಭಾವನೆಯನ್ನು ಕಡಿತಗೊಳಿಸಬಹುದು. 2019ರಲ್ಲಿ ಈ 12 ತಿಂಗಳುಗಳನ್ನು ವಾದಪತ್ರ ಪ್ರತಿವಾದಪತ್ರಗಳು ಮುಗಿದ ದಿನದಿಂದ ಎಣಿಸಬೇಕೆಂದು ಮಾರ್ಪಡಿಸಿ, ಆ ಪತ್ರಗಳಿಗೆ 6 ತಿಂಗಳ ಮಿತಿಯನ್ನು ಇಟ್ಟರು. ಇಬ್ಬರೂ ಬಯಸಿದರೆ ಒಬ್ಬನೇ ಪಂಚನ ಮುಂದೆ, ಬಹುಮಟ್ಟಿಗೆ ಬರಹದ ಮೇಲೆಯೇ, 6 ತಿಂಗಳಲ್ಲಿ ಮುಗಿಸುವ ಶೀಘ್ರ ವಿಚಾರಣೆಯೂ ಉಂಟು. ಸಣ್ಣ ವರ್ತಕರು ಇದನ್ನು ಬಳಸಿದ್ದನ್ನು ನಾವು ಕಂಡದ್ದು ಬಹಳ ಕಡಿಮೆ. ಬಳಸಬೇಕು.

ಖರ್ಚಿನ ಮಾತೂ ಇಲ್ಲಿಯೇ ಬರಲಿ. 2015ರ ನಾಲ್ಕನೆಯ ಅನುಸೂಚಿಯು ಒಂದು ಮಾದರಿ ದರವನ್ನು ಕೊಟ್ಟಿದೆ. 5 ಲಕ್ಷ ರೂಪಾಯಿಯವರೆಗಿನ ವ್ಯಾಜ್ಯಕ್ಕೆ ಪಂಚನ ಸಂಭಾವನೆ 45,000 ರೂಪಾಯಿ. 20 ಲಕ್ಷಕ್ಕೆ 97,500. ಒಬ್ಬನೇ ಪಂಚನಾದರೆ ಅದರ ಮೇಲೆ ನೂರಕ್ಕೆ 25 ಹೆಚ್ಚು. ಮೂವರನ್ನು ಕೂರಿಸಿದರೆ ಮೂವರಿಗೂ ಕೊಡಬೇಕು, ವಕೀಲರದು ಬೇರೆ. ತಾವು ತಾವೇ ಸಂಭಾವನೆಯನ್ನು ಗೊತ್ತುಮಾಡಿಕೊಳ್ಳುವ ಅಧಿಕಾರ ಪಂಚರಿಗಿಲ್ಲವೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಹೀಗಿದ್ದರೂ ಎರಡು ಮೂರು ಲಕ್ಷದ ಜಗಳಕ್ಕೆ ಈ ದಾರಿ ಬಡವನಿಗೆ ಅಗ್ಗವೆಂದು ನಾವು ಹೇಳಲಾರೆವು.

ಪಕ್ಷಪಾತದ ವಿಷಯವಾದರೋ ಸ್ವಲ್ಪ ನಿಂತು ನೋಡಬೇಕಾದದ್ದು. 2015ಕ್ಕಿಂತ ಮೊದಲು ಸರ್ಕಾರಿ ಇಲಾಖೆಗಳ ಗುತ್ತಿಗೆ ಪತ್ರಗಳಲ್ಲಿ ಇಲಾಖೆಯ ಎಂಜಿನಿಯರನನ್ನೇ ಪಂಚನೆಂದು ಬರೆಯುವುದು ವಾಡಿಕೆಯಾಗಿತ್ತು. ನಮ್ಮ ಸಮಾಜದ ಎಷ್ಟೋ ಜನ ಗುತ್ತಿಗೆದಾರರು ತಮ್ಮ ಬಿಲ್ಲನ್ನು ತಡೆಹಿಡಿದ ಇಲಾಖೆಯ ಅಧಿಕಾರಿಯ ಮುಂದೆಯೇ ಅದೇ ಬಿಲ್ಲಿಗಾಗಿ ಕೈಮುಗಿದು ನಿಂತಿದ್ದಾರೆ. ತಿದ್ದುಪಡಿಯು 12ನೆಯ ಕಲಮಿಗೆ 5ನೆಯ ಉಪಕಲಮನ್ನು ಸೇರಿಸಿ, ಏಳನೆಯ ಅನುಸೂಚಿಯೆಂಬ ಒಂದು ಪಟ್ಟಿಯನ್ನು ಜೋಡಿಸಿತು. ಒಂದು ಪಕ್ಷದ ನೌಕರ, ಸಲಹೆಗಾರ, ವಕೀಲ, ಆ ಸಂಸ್ಥೆಯ ವ್ಯವಸ್ಥಾಪಕ, ಪಕ್ಷದವರ ಹತ್ತಿರದ ಬಂಧು, ಫಲಿತಾಂಶದಲ್ಲಿ ಲಾಭವಿರುವವನು, ಇಂತಹವರು ಪಂಚರಾಗಲು ಅನರ್ಹರು. ಕರಾರಿನಲ್ಲಿ ಮೊದಲೇ ಒಪ್ಪಿ ಬರೆದಿದ್ದರೂ ಅನರ್ಹರೇ.

ಕಾನೂನು ಬಂದೊಡನೆ ಅದರ ಸಂದಿಯನ್ನು ಹುಡುಕುವ ಜಾಣರೂ ಬಂದರು. ನಿರ್ದೇಶಕರು ತಾವು ಕುಳಿತುಕೊಳ್ಳುವಂತಿಲ್ಲ, ಸರಿ. ತಮಗೆ ಬೇಕಾದ ಇನ್ನೊಬ್ಬನನ್ನು ಕೂರಿಸಬಹುದಲ್ಲ ಎಂದರು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಾನೇ ಅನರ್ಹನಾದವನು ಮತ್ತೊಬ್ಬನನ್ನು ನೇಮಿಸಲೂ ಅನರ್ಹನೆಂದಿತು. 2019ರ ನವೆಂಬರ್ 26ರಂದು ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ವ್ಯಾಜ್ಯದ ಫಲದಲ್ಲಿ ಹಿತಾಸಕ್ತಿಯಿರುವ ಯಾವ ಪಕ್ಷವೂ ಏಕೈಕ ಮಧ್ಯಸ್ಥನನ್ನು ತಾನೊಬ್ಬನೇ ನೇಮಿಸಕೂಡದೆಂದು ಹೇಳಿತು. 2024ರ ನವೆಂಬರ್ 8ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಬಹುಮತವು ಇದನ್ನು ಇನ್ನಷ್ಟು ಗಟ್ಟಿಗೊಳಿಸಿತು. ಪಂಚರ ನೇಮಕದ ಹಂತದಿಂದಲೇ ಎರಡೂ ಪಕ್ಷಗಳು ಸಮಾನವಾಗಿರಬೇಕು; ಸರ್ಕಾರಿ ಸಂಸ್ಥೆಗಳ ಕರಾರಿನಲ್ಲಿ ಒಂದೇ ಪಕ್ಷಕ್ಕೆ ನೇಮಕದ ಅಧಿಕಾರ ಕೊಡುವ ಷರತ್ತು ಸಂವಿಧಾನದ 14ನೆಯ ಅನುಚ್ಛೇದಕ್ಕೆ ವಿರುದ್ಧ. ಮೂವರು ಪಂಚರ ಪೀಠಗಳಿಗೆ ಮಾತ್ರ ಈ ತೀರ್ಪು ಅಂದಿನಿಂದ ಮುಂದಿನ ನೇಮಕಗಳಿಗೆ ಅನ್ವಯವೆಂದಿತು.

ಅಂದಮೇಲೆ ನಮ್ಮ ಹಾವೇರಿಯ ರೈತರ ವಿರುದ್ಧ ಸಂಸ್ಥೆಯೇ ಆರಿಸಿದ ಪಂಚ ಕೊಟ್ಟ ಐತೀರ್ಪಿನ ಗತಿಯೇನು? 2023ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಒಬ್ಬ ಸಾಲಗಾರನ ವಿರುದ್ಧದ ಇಂತಹುದೇ ಐತೀರ್ಪನ್ನು ಜಾರಿಮಾಡಲು ನಿರಾಕರಿಸಿದೆ. ಅನರ್ಹನು ಕೊಟ್ಟ ತೀರ್ಪು ತೀರ್ಪೇ ಅಲ್ಲವೆಂಬುದು ಅದರ ಭಾವ. ಆದರೆ ಈ ಬಾಗಿಲಿಗೆ ಒಂದು ಕಿಂಡಿಯುಂಟು, ಅದನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ವ್ಯಾಜ್ಯ ಹುಟ್ಟಿದ ಮೇಲೆ, ಈ ಆಕ್ಷೇಪವನ್ನು ನಾವು ಬಿಟ್ಟುಕೊಟ್ಟಿದ್ದೇವೆ ಎಂದು ಇಬ್ಬರೂ ಬರಹದಲ್ಲಿ ಸ್ಪಷ್ಟವಾಗಿ ಒಪ್ಪಿದರೆ ಅನರ್ಹತೆ ಹೋಗಿಬಿಡುತ್ತದೆ. ಕಂತು ತಪ್ಪಿದ ಮೇಲೆ ವಸೂಲಿಗೆ ಬಂದವರು "ಇದೊಂದು ಸಹಿ ಹಾಕಿಬಿಡಿ, ಬಡ್ಡಿ ಕಡಿಮೆ ಮಾಡಿಸುತ್ತೇವೆ" ಎಂದು ಚಾಚುವ ಕಾಗದವನ್ನು ಓದಿಸಿಕೊಳ್ಳದೆ ರುಜು ಹಾಕಬೇಡಿರಿ.

ಸ್ಥಾನದ ವಿಷಯವೂ ಹಗುರವಾದದ್ದಲ್ಲ. ಕರಾರಿನಲ್ಲಿ ಮಧ್ಯಸ್ಥಿಕೆಯ ಸ್ಥಾನ ಚೆನ್ನೈ ಎಂದಿದ್ದರೆ ಐತೀರ್ಪನ್ನು ಪ್ರಶ್ನಿಸುವ ಅರ್ಜಿಯನ್ನೂ ಅಲ್ಲಿಯ ನ್ಯಾಯಾಲಯದಲ್ಲಿಯೇ ಹಾಕಬೇಕು. ಅದನ್ನು ಜಾರಿ ಮಾಡಿಸುವವರು ಮಾತ್ರ ಸಾಲಗಾರನ ಆಸ್ತಿ ಎಲ್ಲಿದೆಯೋ ಅಲ್ಲಿಗೆ ನೇರವಾಗಿ ಬರಬಹುದೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಕೊಡುವವನು ಮನೆ ಬಾಗಿಲಿಗೆ ಬರುತ್ತಾನೆ, ಆಕ್ಷೇಪಿಸುವವನು ಆರುನೂರು ಕಿಲೋಮೀಟರು ಹೋಗಬೇಕು. ಪ್ರಶ್ನಿಸಲು ಇರುವ ಕಾಲವೂ ಸಹಿಯಾದ ಐತೀರ್ಪಿನ ಪ್ರತಿ ಕೈಸೇರಿದಂದಿನಿಂದ 3 ತಿಂಗಳು; ತಕ್ಕ ಕಾರಣವಿದ್ದರೆ ಇನ್ನು 30 ದಿನ. ಅದು ದಾಟಿದರೆ ಯಾವ ನ್ಯಾಯಾಧೀಶರಿಗೂ ಕ್ಷಮಿಸುವ ಅಧಿಕಾರವಿಲ್ಲ. ಸುಧಾರಣೆಗಳು ಈ ಅಸಮತೆಯನ್ನು ಮುಟ್ಟಿಲ್ಲವೆಂಬುದು ನಮ್ಮ ಕೊರಗು.

ಮನೆಯನ್ನೋ ಫ್ಲ್ಯಾಟನ್ನೋ ಕೊಳ್ಳುವವರಿಗೆ ಒಂದು ಸಮಾಧಾನವಿದೆ. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದರೂ ಗ್ರಾಹಕನು ತನ್ನ ದೂರನ್ನು ಗ್ರಾಹಕರ ಆಯೋಗಕ್ಕೇ ಒಯ್ಯಬಹುದೆಂದು 2018ರಲ್ಲಿಯೂ 2023ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಪಂಚನ ಬಳಿಗೆ ಹೋಗುವುದೋ ಬಿಡುವುದೋ ಗ್ರಾಹಕನ ಆಯ್ಕೆ.

ಇನ್ನು ಐತೀರ್ಪಿನ ಮೇಲೆ ನ್ಯಾಯಾಲಯದ ಹಿಡಿತ. ಮೊದಲು, ಆಕ್ಷೇಪಣೆಯ ಅರ್ಜಿ ಹಾಕಿದ ಮಾತ್ರಕ್ಕೆ ಐತೀರ್ಪು ತಾನಾಗಿ ತಡೆಯಾಗುತ್ತಿತ್ತು. ಗೆದ್ದವನು ಹಣ ಕಾಣದೆ ವರ್ಷಗಟ್ಟಲೆ ಕಾಯುತ್ತಿದ್ದ. 2015ರ ತಿದ್ದುಪಡಿ ಇದನ್ನು ನಿಲ್ಲಿಸಿತು. ತಡೆ ಬೇಕಾದವನು ಬೇರೆ ಅರ್ಜಿ ಹಾಕಿ, ಸಾಮಾನ್ಯವಾಗಿ ಹಣವನ್ನೋ ಜಾಮೀನನ್ನೋ ಇಡಬೇಕು. 2021ರಲ್ಲಿ ಇನ್ನೊಂದು ತಿದ್ದುಪಡಿ ಬಂದು, ಕರಾರು ಅಥವಾ ಐತೀರ್ಪು ವಂಚನೆಯಿಂದ ಇಲ್ಲವೆ ಲಂಚದಿಂದ ಆದದ್ದೆಂದು ಮೇಲ್ನೋಟಕ್ಕೆ ಕಂಡರೆ ಷರತ್ತಿಲ್ಲದೆ ತಡೆ ಕೊಡಬೇಕೆಂದಿತು. ಉದ್ದೇಶ ಒಳ್ಳೆಯದೇ, ಆದರೆ ವಂಚನೆಯೆಂದು ಬರೆಯಲು ಸೋತವನಿಗೆ ಖರ್ಚೇನು? ಐತೀರ್ಪನ್ನು ನ್ಯಾಯಾಲಯವು ತಿದ್ದಬಹುದೇ, ಅಥವಾ ಪೂರ್ತಿ ಉಳಿಸುವುದು ಇಲ್ಲವೆ ಪೂರ್ತಿ ಕೆಡವುವುದು ಎರಡೇ ದಾರಿಯೇ ಎಂಬ ಬಹುಕಾಲದ ಸಂದೇಹಕ್ಕೆ 2025ರ ಏಪ್ರಿಲ್ 30ರಂದು ಸಂವಿಧಾನ ಪೀಠವು ನಾಲ್ವರ ಬಹುಮತದಿಂದ ಉತ್ತರ ಕೊಟ್ಟಿತು. ಬೇರ್ಪಡಿಸಬಹುದಾದ ದೋಷಭಾಗವನ್ನು ತೆಗೆಯುವುದು, ಲೆಕ್ಕದ ಬರಹದ ತಪ್ಪನ್ನು ಸರಿಪಡಿಸುವುದು, ತೀರ್ಪಿನ ನಂತರದ ಬಡ್ಡಿಯನ್ನು ಮಾರ್ಪಡಿಸುವುದು, ಇಷ್ಟರ ಮಟ್ಟಿಗೆ ತಿದ್ದಬಹುದು. ನ್ಯಾಯಮೂರ್ತಿ ಕೆ. ವಿ. ವಿಶ್ವನಾಥನ್ ಅವರದು ಭಿನ್ನಮತ.

ಈ ನಡುವೆ ಕಾನೂನನ್ನು ಮಾಡಿದ ಸರ್ಕಾರವೇ ಒಂದು ವಿಚಿತ್ರ ಹೆಜ್ಜೆಯಿಟ್ಟಿತು. 2024ರ ಜೂನ್ 3ರಂದು ಕೇಂದ್ರದ ಹಣಕಾಸು ಸಚಿವಾಲಯವು ತನ್ನ ಇಲಾಖೆಗಳಿಗೆ ಸೂಚನೆ ಕೊಟ್ಟು, ಸರ್ಕಾರಿ ಖರೀದಿ ಕರಾರುಗಳಲ್ಲಿ ಮಧ್ಯಸ್ಥಿಕೆಯನ್ನು ವಾಡಿಕೆಯಂತೆ ಸೇರಿಸಬಾರದು, ಸೇರಿಸಿದರೂ 10 ಕೋಟಿ ರೂಪಾಯಿಗಿಂತ ಕಡಿಮೆಯ ವ್ಯಾಜ್ಯಗಳಿಗೆ ಮಿತಿಗೊಳಿಸಬೇಕು ಎಂದಿತು. ಕಾಲವೂ ಹಣವೂ ಹೆಚ್ಚಾಗುತ್ತದೆ, ಐತೀರ್ಪು ಬಂದರೂ ನ್ಯಾಯಾಲಯಕ್ಕೆ ಹೋಗುವುದು ತಪ್ಪುವುದಿಲ್ಲ ಎಂಬುದು ಕಾರಣ. ನ್ಯಾಯಾಲಯಕ್ಕೆ ಹೋಗುವವರಲ್ಲಿ ಸೋತ ಇಲಾಖೆಗಳೇ ಎಷ್ಟಿವೆಯೆಂಬುದನ್ನು ಗುತ್ತಿಗೆದಾರರು ಬಲ್ಲರು.

ಈಗ ಮನೆಯೊಳಗಿನ ಮಾತು. ನಮ್ಮಲ್ಲಿ ಅಣ್ಣತಮ್ಮಂದಿರ ಪಾಲು, ಪಾಲುಗಾರಿಕೆ ಅಂಗಡಿಯ ಲೆಕ್ಕ, ಬದುವಿನ ಜಗಳ ಇವುಗಳನ್ನು ಊರ ಹಿರಿಯರ ಮುಂದೆ, ಮಠದ ಪೂಜ್ಯರ ಮುಂದೆ ತೀರಿಸಿಕೊಳ್ಳುವ ಪದ್ಧತಿ ಇನ್ನೂ ಜೀವಂತವಾಗಿದೆ. ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠದ ಹೆಸರನ್ನು ಕೇಳದವರಾರು? ಗುರುಗಳ ಮೇಲಣ ನಂಬಿಕೆಯಿಂದ ಒಪ್ಪಿಕೊಂಡ ಮಾತನ್ನು ಜನ ನಡೆಸಿಕೊಡುತ್ತಾರೆ. ನಡೆಸಿಕೊಡದವರ ವಿಷಯದಲ್ಲಿ ಮಾತ್ರ ಕಾನೂನು ಏನು ನೋಡುತ್ತದೆಂಬುದನ್ನು ಅರಿತಿರಬೇಕು. ಪಂಚರಿಗೆ ಒಪ್ಪಿಸುತ್ತೇವೆಂಬ ಒಪ್ಪಂದ ಬರಹದಲ್ಲಿರಬೇಕು. ತೀರ್ಪು ಬರಹದಲ್ಲಿದ್ದು ಪಂಚರ ಸಹಿಯಿರಬೇಕು, ಬೇಡವೆಂದು ಇಬ್ಬರೂ ಒಪ್ಪಿರದಿದ್ದರೆ ಕಾರಣಗಳೂ ಇರಬೇಕು. ಹೊಲ ಮನೆಗಳ ಹಕ್ಕನ್ನು ಹೊಸದಾಗಿ ಕೊಡುವ ತೀರ್ಪಾದರೆ ಮುದ್ರಾಂಕ ಶುಲ್ಕವೂ ನೋಂದಣಿಯೂ ಬೇಕು. ಒಪ್ಪಂದಕ್ಕೆ ಮುದ್ರಾಂಕ ಹಾಕಿಲ್ಲವೆಂಬುದು ತಿದ್ದಿಕೊಳ್ಳಬಹುದಾದ ದೋಷವೇ ಹೊರತು ಒಪ್ಪಂದವೇ ಸುಳ್ಳಾಗದೆಂದು 2023ರ ಡಿಸೆಂಬರ್ 13ರಂದು ಏಳು ಮಂದಿ ನ್ಯಾಯಮೂರ್ತಿಗಳು ಹೇಳಿದ್ದಾರೆ.

ಇದಕ್ಕಿಂತ ದೊಡ್ಡ ಲೋಪವೊಂದನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ಪಾಲಿನ ಪಂಚಾಯಿತಿಯಲ್ಲಿ ಅಣ್ಣತಮ್ಮಂದಿರೆಲ್ಲ ಕೂಡುತ್ತಾರೆ, ಸೋದರಮಾವ ಬರುತ್ತಾನೆ, ಭಾವಂದಿರು ಬರುತ್ತಾರೆ. ಅಕ್ಕತಂಗಿಯರು ಅಡಿಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿರುತ್ತಾರೆ. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಹುಟ್ಟಿನಿಂದಲೇ ಬಂದಿದೆ. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಖಚಿತಪಡಿಸಿತು. ಪಂಚರಿಗೆ ಒಪ್ಪಿಸಿಕೊಳ್ಳದವರನ್ನು ಪಂಚರ ತೀರ್ಪು ಕಟ್ಟಿಹಾಕದು. ತಂಗಿಯ ಸಹಿಯಿಲ್ಲದ ಪಾಲುಪತ್ರವನ್ನು ಹತ್ತು ವರ್ಷದ ಮೇಲೆ ಅವಳ ಮಗ ನ್ಯಾಯಾಲಯಕ್ಕೆ ಒಯ್ದರೆ ಅವನನ್ನು ದೂರುವುದು ಹೇಗೆ? ಅವಳನ್ನೂ ಚಾಪೆಯ ಮೇಲೆ ಕರೆದು ಕೂರಿಸಿರಿ. ದಾಂಪತ್ಯದ ಬಿಡುಗಡೆ, ಮಕ್ಕಳ ಪಾಲನೆಯ ಹಕ್ಕು, ಅಪರಾಧದ ವಿಚಾರಗಳನ್ನು ಮಾತ್ರ ಯಾವ ಪಂಚನೂ ತೀರ್ಮಾನಿಸುವಂತಿಲ್ಲ. ಅವು ನ್ಯಾಯಾಲಯದವೇ.

ಬಂಧುಗಳ ಜಗಳಕ್ಕೆ ಪಂಚನಿಗಿಂತ ಸಂಧಾನಕಾರನೇ ಲೇಸೆಂಬುದು ನಮ್ಮ ಅನುಭವ. ಅದಕ್ಕೆಂದೇ 2023ರಲ್ಲಿ ಸಂಸತ್ತು ಪ್ರತ್ಯೇಕವಾದ ಸಂಧಾನ ಅಧಿನಿಯಮವನ್ನು ಮಾಡಿತು. ಕೆಲವು ಕಲಮುಗಳು ಆ ವರ್ಷದ ಅಕ್ಟೋಬರ್ 9ರಂದು ಜಾರಿಗೆ ಬಂದವು. ಒಂದು ಊರಿನ, ಕೇರಿಯ ನೆಮ್ಮದಿ ಕೆಡಿಸುವ ವ್ಯಾಜ್ಯಗಳಿಗೆ ಮೂವರು ಸಂಧಾನಕಾರರ ಸಮುದಾಯ ಸಂಧಾನವನ್ನೂ ಅದರಲ್ಲಿ ಹೇಳಿದೆ. ಕುಲ, ಪೂಗಗಳ ನೆನಪು ನಮಗೆ ಅಲ್ಲಿಯೂ ಬಂದಿತು.

ಹಾವೇರಿಯವರ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಅವರನ್ನು ಪರಿಚಯದ ವಕೀಲರೊಬ್ಬರ ಬಳಿಗೆ ಕಳುಹಿಸಿದೆವು. ಪಂಚನನ್ನು ಸಂಸ್ಥೆಯೊಂದೇ ನೇಮಿಸಿದ್ದರಿಂದ ಐತೀರ್ಪು ಜಾರಿಗೆ ಯೋಗ್ಯವಲ್ಲವೆಂದು ವಕೀಲರು ಆಕ್ಷೇಪಣೆ ಸಲ್ಲಿಸಿದರು. ಅದರ ತೀರ್ಮಾನ ಇನ್ನೂ ಆಗಿಲ್ಲ. ಸಾಲ ಸುಳ್ಳಲ್ಲ, ಕೊಡಬೇಕಾದದ್ದನ್ನು ಕೊಡಲೇಬೇಕು ಎಂದು ನಾವು ಅವರಿಗೆ ಅಂದೇ ಹೇಳಿದ್ದೆವು, ಅವರೂ ಇಲ್ಲವೆನ್ನಲಿಲ್ಲ. ಕಾರ್ತಿಕದಲ್ಲಿ ಮತ್ತೆ ಬಂದರು. ಎರಡೂ ಕಡೆಗೆ ಒಪ್ಪಿಗೆಯಾಗುವ ಬೇರೆ ಪಂಚರ ಮುಂದೆ ಹೊಸದಾಗಿ ಲೆಕ್ಕ ನೋಡೋಣವೆಂದು ಸಂಸ್ಥೆಯವರು ಪತ್ರ ಬರೆದಿದ್ದರಂತೆ.

"ನೀವ ಪಂಚರಾಗಿ ಕೂಡ್ರಿ ಶಾಸ್ತ್ರಿಗಳ, ನಿಮ್ಮ ಮಾತು ನಾ ಮೀರಾಂಗಿಲ್ಲ" ಎಂದರು.

ನಿಮ್ಮ ತಂದೆಯವರ ಮನೆಯಲ್ಲಿ ನಾವು ಮೂವತ್ತು ವರ್ಷ ಉಂಡಿದ್ದೇವೆ, ನಾವು ಕೂಡುವಂತಿಲ್ಲ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಯಾರ ಹೆಸರನ್ನು ಬರೆಯಲಿ ಎಂದು ಕೇಳಿದರು. ಇಬ್ಬರಿಗೂ ಪರಿಚಯವಿಲ್ಲದ ಒಬ್ಬ ನಿವೃತ್ತ ನ್ಯಾಯಾಧೀಶರನ್ನು ಸೂಚಿಸುವಂತೆ ವಕೀಲರನ್ನು ಕೇಳಿರೆಂದೂ, ಸ್ಥಾನ ಹಾವೇರಿ ಎಂದು ಬರೆಸಿರೆಂದೂ ಹೇಳಿ, ಪತ್ರವನ್ನು ಮತ್ತೊಮ್ಮೆ ಮೊದಲಿನಿಂದ ಓದತೊಡಗಿದೆವು.